ನಾಯಕಿಯ ಮುಡಿ ನುಂಗಿದ ಒತ್ತಕ್ಷರ

2005ರ ದೀಪಾವಳಿ ಸಂಚಿಕೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಡಿಟಿಪಿ ಕೋಣೆ. ಸಿನಿಮಾ ಪತ್ರಿಕೆಯ ಒಳಪುಟಗಳೆಲ್ಲ ಪೇಜ್‌ಮೇಕರ್‌ನಲ್ಲಿ ಮುಗಿದಿದ್ದವು, ಮುಖಪುಟ ಬಾಕಿ. ಫೋಟೊ ಕೆಲಸ ಫೋಟೊಶಾಪ್‌ನಲ್ಲಿ, ಅಕ್ಷರ ಕೋರೆಲ್‌ಡ್ರಾದಲ್ಲಿ. ಅದು ನನ್ನ ರೂಢಿ.

ಛಾಯಾಗ್ರಾಹಕರು ಸಿಡಿ ತಂದುಕೊಟ್ಟರು. 6 ಮೆಗಾಪಿಕ್ಸೆಲ್ ಕ್ಯಾಮೆರಾ, ಫೋಟೊ 2000 × 3008 ಪಿಕ್ಸೆಲ್. ಎ4 ಪುಟಕ್ಕೆ ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಮುದ್ರಣದ ನಂತರ ಕತ್ತರಿಸಿಹೋಗುವ ಅಂಚು, ಸೇರಿಸಿದರೆ 216 × 303 ಮಿ.ಮೀ. ಇಂಚಿಗೆ 300 ಪಿಕ್ಸೆಲ್ ಬೇಕಾದಲ್ಲಿ 235 ಬಂತು. ಮುಖಕ್ಕೆ ಅಷ್ಟು ಸಾಕು ಅಂತ ಬಿಟ್ಟೆ. ನಾಯಕಿಯ ಗಾಢ ನೀಲಿ ಲಂಗ ಸಿಎಂವೈಕೆಗೆ, ಅಂದರೆ ಸೈಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ಮುದ್ರಣದ ನಾಲ್ಕು ಶಾಯಿಗಳಿಗೆ, ತಿರುಗಿಸಿದ ಕೂಡಲೇ ನೇರಳೆ ಹಣ್ಣಿನ ಬಣ್ಣಕ್ಕೆ ಇಳಿಯಿತು. ಮೆಜೆಂಟಾ ತಗ್ಗಿಸಿ ಸ್ವಲ್ಪ ಸರಿಮಾಡಿದೆ. ಪರದೆ ಮೇಲಿನ ಆ ನೀಲಿ ಶಾಯಿಯಲ್ಲಿ ಬರೋದೇ ಇಲ್ಲ, ಅದಕ್ಕೆ ಹಟ ಹಿಡಿದು ಪ್ರಯೋಜನವಿಲ್ಲ.

ನಿಜವಾದ ಪೇಚಾಟ ಶುರುವಾಗಿದ್ದು ಪತ್ರಿಕೆಯ ಹೆಸರಿನಿಂದ. ಇಂಗ್ಲಿಷ್ ಪತ್ರಿಕೆಗಳಲ್ಲಿ ತಾರೆಯ ತಲೆ ಹೆಸರಿನ ಮುಂದೆ ಬರುತ್ತದಲ್ಲ, ಹಾಗೇ ಮಾಡೋಣ ಅಂತ ನನಗೆ ಆಸೆ. ಮಲ್ಲಿಗೆ ಮುಡಿದ ತಲೆಯನ್ನು ಕತ್ತರಿಸಿ ಅಕ್ಷರದ ಮೇಲೆ ಕೂರಿಸಿ ಪ್ರಿಂಟ್ ತೆಗೆದೆ. ಸಂಪಾದಕರು ಕನ್ನಡಕ ಏರಿಸಿ ನೋಡಿದರು.

"ಏನಪ್ಪಾ ಇದು, 'ಚಿತ್ರ'ದ ರ ಒತ್ತು ಎಲ್ಲಿ? ಬರೀ 'ಚಿತ' ಅಂತಿದೆ. ಒಂದು ಏತ್ವ ಕೊಟ್ಟುಬಿಡು, ಹಬ್ಬದ ಸಂಚಿಕೆ ನೇರ ಚಿತೆಗೇ ಹೋಗಲಿ!"

ತಲೆ ಕೆಳಗಿನಿಂದ ಮೇಲೇರುತ್ತದೆ, ಮೊದಲು ಮುಚ್ಚುವುದು ಅಕ್ಷರದ ಬುಡ. ನಮ್ಮ ಒತ್ತುಗಳೆಲ್ಲ ಇರೋದು ಅಲ್ಲೇ. ಬ ಮತ್ತು ಭ, ದ ಮತ್ತು ಧ ಬೇರೆಯಾಗೋದು ಕೂಡ ಬುಡದ ಆ ಸಣ್ಣ ಗೀಟಿನಿಂದಲೇ. ನಾಯಕಿಯನ್ನು ಎಡಕ್ಕೆ ಸರಿಸಿ, ಮುಡಿ 'ಚಿ' ಮೇಲೆ ಮಾತ್ರ ಬರುವಂತೆ ಮಾಡಿದೆ. 'ಚಿ' ಅರ್ಧ ಕಂಡರೂ ಜನ ಚಿ ಅಂತಲೇ ಓದುತ್ತಾರೆ.

ಆಮೇಲೆ ತಲೆಬರಹ. ಮೇಲಿನ ಸಾಲು 'ಹಳ್ಳಿ ಹುಡುಗಿಯ', ಕೆಳಗಿನದು 'ದಿಲ್ಲಿ ದಿನಗಳು'. ಪ್ರಾಸ ಚೆನ್ನಾಗಿದೆ, ಆದರೆ ಎಡಕ್ಕೆ ಸಮ ಕಟ್ಟಿದರೆ 'ಳ್ಳಿ'ಯ ಒತ್ತು ಸೀದಾ 'ಲ್ಲಿ'ಯ ಗುಡಿಸಿನ ಮೇಲೆ ಬೀಳುತ್ತದೆ. ಸಾಲಿನ ಅಂತರ ಹೆಚ್ಚಿಸಿದರೆ ಎರಡು ಸಾಲೂ ಮುನಿಸಿಕೊಂಡ ದಾಯಾದಿಗಳ ಹಾಗೆ ದೂರ ದೂರ. ಆಗಿನ ನುಡಿ ಫಾಂಟಿನಲ್ಲಿ ಒತ್ತು ಪ್ರತ್ಯೇಕ ತುಂಡು. ಕೋರೆಲ್‌ಡ್ರಾದ ಶೇಪ್ ಟೂಲ್ ಹಿಡಿದರೆ ಪ್ರತಿ ತುಂಡಿನ ಕೆಳಗೂ ಒಂದು ಸಣ್ಣ ಚೌಕ ಕಾಣುತ್ತದೆ. ಒತ್ತಿನ ಚೌಕ ಹಿಡಿದು ಕೂದಲೆಳೆಯಷ್ಟು ಮೇಲೆತ್ತಿದೆ, ಕೆಳಸಾಲನ್ನು ಅರ್ಧ ಅಕ್ಷರ ಎಡಕ್ಕೆ ಎಳೆದೆ. ಒತ್ತು 'ದಿಲ್ಲಿ'ಯ ಪಕ್ಕದ ಖಾಲಿ ಜಾಗಕ್ಕೆ ಇಳಿದು ಕೂತಿತು. ಇಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಕಂಟ್ರೋಲ್ ಕ್ಯೂ ಒತ್ತಿ ಎಲ್ಲವನ್ನೂ ಕರ್ವ್ಸ್, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರ, ಮಾಡಿದೆ. ಇಲ್ಲದಿದ್ದರೆ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲವೆಂದಾದರೆ, ಹಳ್ಳಿಯೂ ಇಲ್ಲ ದಿಲ್ಲಿಯೂ ಇಲ್ಲ, ಬರೀ ಇಂಗ್ಲಿಷ್ ಚಿಹ್ನೆಗಳ ಜಾತ್ರೆ.

ಒಂದು ತಪ್ಪು ಮಾತ್ರ ಪ್ರೆಸ್ಸಿಗೇ ಹೋಯಿತು, ಅದು ನನ್ನದೇ. ಕೆಳಗಿನ ಪಟ್ಟಿ ಕಡುಗಪ್ಪು ಬರಲಿ ಅಂತ ನಾಲ್ಕೂ ಬಣ್ಣ ಶೇ. 100 ಕೊಟ್ಟಿದ್ದೆ, ಒಟ್ಟು ಶೇ. 400 ಶಾಯಿ. ಮೊದಲ ಹಾಳೆ ಬಂದಾಗ ಮಷಿನ್‌ಮನ್ ಪಟ್ಟಿಯ ಮೇಲೆ ಬೆರಳಾಡಿಸಿ, ಮಾತಾಡದೆ ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದ. ಮೇಲೆ ಬಿದ್ದ ಹಾಳೆಯ ಬೆನ್ನಿಗೆ ಶಾಯಿ ಹತ್ತಿಕೊಳ್ಳುತ್ತಿತ್ತು. ಪಟ್ಟಿಯೊಳಗಿನ ಬಿಳಿ ಸಣ್ಣ ಅಕ್ಷರಗಳೂ ತುಂಬಿಹೋಗಿದ್ದವು. ಕಪ್ಪು 100, ಸೈಯಾನ್ 40 ಮಾಡಿ ಮತ್ತೆ ಪ್ಲೇಟು ಹಾಕಿಸಿದೆವು.

ಪತ್ರಿಕೆ ಬಂದ ದಿನ ಬಸ್‌ಸ್ಟ್ಯಾಂಡ್ ಅಂಗಡಿಗೆ ಹೋಗಿ ನಿಂತೆ. ದಾರದ ಮೇಲೆ ನೇತುಹಾಕಿದ್ದರು. ಕ್ಲಿಪ್ಪು ಸರಿಯಾಗಿ 'ತ' ಮೇಲೆ ಕಚ್ಚಿಕೊಂಡಿತ್ತು. ಅದರ ಕೆಳಗೆ ರ ಒತ್ತು ಒಂದೇ ಇಣುಕುತ್ತಿತ್ತು.