ಅಪ್ಪ-ಅಮ್ಮನ ಎಸ್‌ಎಸ್‌ಐ ಅರ್ಜಿಯಲ್ಲಿ ಊರಿನ ಸೈಟು

ಕ್ಯಾಲಿಫೋರ್ನಿಯಾದಲ್ಲಿ ಅಪ್ಪ-ಅಮ್ಮನಿಗೆ ಸಿಟಿಜನ್‌ಷಿಪ್ ಸಿಕ್ಕ ಮೇಲೆ ಮನೆಯಲ್ಲಿ ಏಳುವ ಮೊದಲ ಮಾತು ಎಸ್‌ಎಸ್‌ಐ. 65 ದಾಟಿದ, ಆದಾಯವೂ ಆಸ್ತಿಯೂ ಕಡಿಮೆ ಇರುವವರಿಗೆ ಫೆಡರಲ್ ಸರ್ಕಾರ ಪ್ರತಿ ತಿಂಗಳು ಕೊಡುವ ಹಣ ಇದು. ದುಡಿದು ಗಳಿಸಿದ ಪಿಂಚಣಿಯಲ್ಲ. ಆದ್ದರಿಂದ ನಿಮ್ಮ ಹೆಸರಲ್ಲಿ ಏನೇನಿದೆ ಎಂದು ಕೇಳಿಯೇ ಕೊಡುತ್ತಾರೆ. ಆಸ್ತಿಯ ಮಿತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000. ಈ ಅಂಕಿ 1989ರಿಂದ ಅಲುಗಾಡಿಲ್ಲ.

ನಮ್ಮವರು ಎಡವುವುದು ಇಲ್ಲೇ. ಮೈಸೂರಿನ ಸೈಟು, ಬಾಡಿಗೆಗೆ ಕೊಟ್ಟ ಮನೆ, ಬ್ಯಾಂಕಿನ ಎಫ್‌ಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಾಸವಿರುವ ಮನೆಗೆ ವಿನಾಯಿತಿ ಇದೆ. "ಅದು ಇಂಡಿಯಾದಲ್ಲಿದೆ, ಇಲ್ಲಿಯವರಿಗೇನು ಗೊತ್ತಾಗುತ್ತೆ" ಎಂದು ಜಾಗ ಖಾಲಿ ಬಿಟ್ಟು ಸಹಿ ಹಾಕಿದರೆ ಅದು ಮರೆವಲ್ಲ, ಸುಳ್ಳು ಹೇಳಿಕೆ. ಗೊತ್ತಿದ್ದೂ ಸುಳ್ಳು ಹೇಳಿದ್ದಕ್ಕೆ ಮೊದಲ ಸಲ 6 ತಿಂಗಳು, ಎರಡನೇ ಸಲ 12, ಆಮೇಲೆ 24 ತಿಂಗಳು ಹಣ ತಡೆಹಿಡಿಯುತ್ತಾರೆ. ಕೊಟ್ಟದ್ದನ್ನು ವಸೂಲಿ ಮಾಡುವುದು ಬೇರೆ.

ಹಾಗಾದರೆ ಸೈಟನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ? ಅರ್ಜಿಗೆ ಹಿಂದಿನ 36 ತಿಂಗಳಲ್ಲಿ ಬೆಲೆಗಿಂತ ಕಡಿಮೆಗೆ ಪರಭಾರೆ ಮಾಡಿದ್ದರೆ ಅದನ್ನೂ ಕೇಳುತ್ತಾರೆ, 36 ತಿಂಗಳವರೆಗೆ ಅನರ್ಹರಾಗಬಹುದು. ಅಣ್ಣತಮ್ಮಂದಿರ ಒಪ್ಪಿಗೆಯಿಲ್ಲದೆ ಮಾರಲಾಗದ ಪಾಲಾಗದ ಪಿತ್ರಾರ್ಜಿತ ಜಮೀನಿನ ಕಥೆ ಬೇರೆ. ಅದು ಲೆಕ್ಕಕ್ಕೆ ಬಾರದೆಯೂ ಹೋಗಬಹುದು. ಪಹಣಿಯ ಇಂಗ್ಲಿಷ್ ಅನುವಾದ ಇಟ್ಟು, ಪರಿಸ್ಥಿತಿ ಬರೆದು, ಎಸ್‌ಎಸ್‌ಐ ನಡೆಸುವ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಕೊಡಿ. ತೀರ್ಮಾನ ಅವರದು, ತಿಳಿಸುವ ಹೊಣೆ ನಿಮ್ಮದು.

ಎರಡನೆಯದು ಊರಿನ ಪ್ರಯಾಣ. ಸತತ 30 ದಿನ ಅಮೆರಿಕದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ವಾಪಸ್ ಬಂದು ಮತ್ತೆ ಸತತ 30 ದಿನ ಇಲ್ಲಿದ್ದರೇ ಶುರುವಾಗುವುದು. ಹೋಗುವ ಮೊದಲೇ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ತಿಳಿಸಿ. ಯಾವುದೇ ಬದಲಾವಣೆಯನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ತಿಳಿಸಲೇಬೇಕು. ಟಿಕೆಟ್, ಪಾಸ್‌ಪೋರ್ಟ್ ಮುದ್ರೆಗಳ ನಕಲು ಇಟ್ಟುಕೊಳ್ಳಿ. ಹೆಚ್ಚು ಹಣ ಸಂದಾಯವಾಗಿದೆ ಎಂಬ ನೋಟಿಸ್ ಬಂದರೆ ಮೇಲ್ಮನವಿಗೆ 60 ದಿನ ಸಮಯವಿದೆ. ತಪ್ಪು ನಿಮ್ಮದಲ್ಲ, ಕಟ್ಟುವ ಶಕ್ತಿಯೂ ಇಲ್ಲ ಎಂದಾದರೆ ಎಸ್‌ಎಸ್‌ಎ-632 ಅರ್ಜಿಯಲ್ಲಿ ಮನ್ನಾ ಕೇಳಬಹುದು. ಇಂಥದೇ ಇನ್ನೊಂದು ಎಚ್ಚರ: ಅಮ್ಮನನ್ನು ನೋಡಿಕೊಳ್ಳಲು ಐಎಚ್‌ಎಸ್‌ಎಸ್ (ಮನೆಯಲ್ಲೇ ಆರೈಕೆ ಮಾಡುವವರಿಗೆ ಹಣ ಕೊಡುವ ಸರ್ಕಾರಿ ಯೋಜನೆ) ಸಂಬಳ ಪಡೆಯುವ ಮಕ್ಕಳು, ಆಕೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದ ದಿನಗಳ ಗಂಟೆಗಳನ್ನು ಟೈಮ್‌ಶೀಟ್‌ನಲ್ಲಿ ತುಂಬಬಾರದು.

ಎಸ್‌ಎಸ್‌ಐ ಮಿತಿ ಕದಲದಿದ್ದರೂ ಕಡಿಮೆ ಆದಾಯದವರಿಗೆ ಕ್ಯಾಲಿಫೋರ್ನಿಯಾ ಕೊಡುವ ಆರೋಗ್ಯ ವಿಮೆ ಮೆಡಿ-ಕ್ಯಾಲ್‌ನದು ಕದಲುತ್ತದೆ. 2024ರ ಜನವರಿಯಲ್ಲಿ ಹಿರಿಯರಿಗಿದ್ದ ಆಸ್ತಿ ಮಿತಿಯನ್ನೇ ತೆಗೆದರು. 2026ರ ಜನವರಿ 1ರಿಂದ ಒಬ್ಬರಿಗೆ 1,30,000 ಡಾಲರ್ ಎಂದು ಮತ್ತೆ ತಂದರು. ತಂದದ್ದು 2025ರ ಬಜೆಟ್ ಬೆನ್ನಿಗೆ ಬಂದ ಎಬಿ 116 ಎಂಬ ದಪ್ಪ ಮಸೂದೆ. ಇಂಥವು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಅವಸರದಲ್ಲೇ ಸಾಗುತ್ತವೆ. ಆದರೂ ಮತದಾರರೇ ಒಪ್ಪಿದ 2016ರ ಪ್ರಾಪೊಸಿಷನ್ 54ರ ಪ್ರಕಾರ, ಶಾಸಕರು ಮತಕ್ಕೆ ಹಾಕುವ ಮೊದಲು ಅಂತಿಮ ಪಠ್ಯ 72 ಗಂಟೆ ಆನ್‌ಲೈನ್‌ನಲ್ಲಿ ಇರಬೇಕು.

ಪಠ್ಯ ಹುಟ್ಟುವ ಮೊದಲಿನ ಮಾತುಕತೆಗೆ ಮಾತ್ರ ಆ ನಿಯಮ ತಾಗುತ್ತಿರಲಿಲ್ಲ. 2023ರ ಫಾಸ್ಟ್‌ಫುಡ್ ಕೂಲಿ ಮಸೂದೆಯ ಚೌಕಾಸಿಯಲ್ಲಿ ಕೂತವರು ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದರೆಂದು ಹೊರಬಿದ್ದು ಗದ್ದಲವಾಯಿತು. 2025ರ ಎಬಿ 1370 ಕಾಯ್ದೆ ಬಂದ ಮೇಲೆ ಶಾಸಕರು ಮಸೂದೆ ರಚನೆಯ ಬಗ್ಗೆ ಇಂಥ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ, ಬೇರೆಯವರಿಂದ ಹಾಕಿಸುವಂತೆಯೂ ಇಲ್ಲ. ಬಾಗಿಲು ಹಾಕಿಕೊಂಡು ಮಾತಾಡುವುದನ್ನು ಅದು ನಿಲ್ಲಿಸಿಲ್ಲ, ಅದೂ ನಿಜ.

ನೀವು ಮಾಡಬಹುದಾದದ್ದು: ಶಾಸಕಾಂಗದ 'ಲೆಜ್‌ಇನ್ಫೊ' ತಾಣದಲ್ಲಿ ಮಸೂದೆಯ ಸಂಖ್ಯೆ ಹಾಕಿ ಹುಡುಕಿ. ಮೊದಲು ಸಮಿತಿಯ ವಿಶ್ಲೇಷಣೆ ಓದಿ. ಮಸೂದೆಗಿಂತ ಅದರ ಇಂಗ್ಲಿಷ್ ಎಷ್ಟೋ ಸಲೀಸು. ಸಮಿತಿಯ ವಿಚಾರಣೆಗೆ ಹೋದರೆ ಮೈಕಿನ ಮುಂದೆ ಹೆಸರು, ಊರು, ಪರವೋ ವಿರೋಧವೋ ಎಂದು ಹೇಳಿದರೆ ಸಾಕು. ಎಚ್‌-1ಬಿಯವರೂ ಹೇಳಬಹುದು.