ಒಂದು ಆದೇಶ ಓದಿ, ಒಂದು ಅರ್ಜಿ ಬರೆದು ಏಳುವ ಚರ್ಚೆ: ಮಂಡ್ಯದ ನನ್ನ ಅನುಭವ

ತಂತ್ರಜ್ಞಾನ, ಸರ್ಕಾರ ಮತ್ತು ವ್ಯಕ್ತಿಯ ಹಕ್ಕು ಎಂಬ ಮೂರನ್ನೂ ಒಟ್ಟಿಗಿಟ್ಟುಕೊಂಡು ಮಂಡ್ಯದಂಥ ಊರಿನಲ್ಲಿ ಚರ್ಚೆ ನಡೆಸುವುದು ಆಗದ ಮಾತು, ನಡೆಸಿದರೂ ಎರಡನೆಯ ಸಭೆಗೆ ಜನ ಬರುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೈಸೂರಿನಲ್ಲಿ ಬಹುಕಾಲದಿಂದ ವಿಚಾರಗೋಷ್ಠಿಗಳನ್ನು ನಡೆಸಿಕೊಂಡು ಬಂದಿರುವ ಗೆಳೆಯರೊಬ್ಬರು, "ಖಾಸಗಿತನದ ಮಾತು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಸೆಮಿನಾರಿಗೆ ಸರಿ, ಕಬ್ಬಿನ ಬಾಕಿ ಬರಲಿಲ್ಲವೆಂದು ಕೂತಿರುವವರ ಮುಂದೆ ಅದನ್ನು ತೆಗೆಯಬೇಡಿ" ಎಂದು ಎಚ್ಚರಿಸಿದ್ದರು. ರೈತ ಚಳವಳಿಯಲ್ಲಿ ಪಳಗಿದ ಹಿರಿಯರು ಮಾತಿನಿಂದ ಏನೂ ಆಗುವುದಿಲ್ಲ, ಧರಣಿ ಕೂರೋಣ ಎಂದರು. ಈಗ ಸುಮಾರು ನಾಲ್ಕು ವರ್ಷಗಳಿಂದ ನಮ್ಮ ಕೂಟ ತಿಂಗಳಿಗೊಮ್ಮೆ ತಪ್ಪದೆ ಸೇರುತ್ತಿದೆ, ಇಪ್ಪತ್ತೈದು ಮೂವತ್ತು ಮಂದಿಗೆ ಕಡಿಮೆಯಾದದ್ದು ಅಪರೂಪ, ಮತ್ತು ಅದೇ ಮೈಸೂರಿನ ಗೆಳೆಯರು ಕಳೆದ ವರ್ಷ ನಮ್ಮ ಕ್ರಮವನ್ನು ಬರೆದು ಕಳಿಸಬೇಕೆಂದು ಕೇಳಿದರು. ಬೇರೆ ತಾಲ್ಲೂಕುಗಳಲ್ಲಿ ಇಂಥ ಕೂಟ ನಡೆಸುತ್ತಿರುವವರಿಗೂ ಉಪಯೋಗವಾದೀತೆಂದು ಅದನ್ನೇ ಇಲ್ಲಿ ವಿಸ್ತರಿಸಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ ಇತ್ಯಾದಿಗಳ ಪರಿಚಯ ಓದುಗರಿಗೆ ಇದೆಯೆಂದೇ ಭಾವಿಸಿದ್ದೇನೆ.

ನಾನು ವೃತ್ತಿಯಿಂದ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದು ಮೂವತ್ತು ವರ್ಷಗಳ ಮೇಲಾಯಿತು. ಎಷ್ಟೇ ಚೆನ್ನಾಗಿ ಬರೆದ ಪತ್ರವಾದರೂ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರ, ಇಲ್ಲದಿದ್ದರೆ ಆ ಜಮೀನು ಎಲ್ಲಿದೆಯೆಂದು ತೋರಿಸಲಾಗುವುದಿಲ್ಲ. ನಮ್ಮ ಚರ್ಚೆಗಳೂ ಮೊದಲ ವರ್ಷ ಹಾಗೆಯೇ ಇದ್ದವು.

ಮೊದಲ ಸಭೆಗೆ ಬೆಂಗಳೂರಿನಿಂದ ಒಬ್ಬ ವಕೀಲರನ್ನು ಕರೆಸಿದೆವು. ಕಾರಿನ ಬಾಡಿಗೆ, ಸಭಾಂಗಣ, ಮೈಕು, ಫ್ಲೆಕ್ಸು, ಊಟ ಎಲ್ಲ ಸೇರಿ ಹನ್ನೊಂದೋ ಹನ್ನೆರಡೋ ಸಾವಿರ ಖರ್ಚಾಯಿತು. ಅದರಲ್ಲಿ ಅರ್ಧದಷ್ಟು ನನ್ನ ಕೈಯಿಂದಲೇ ಹೋಯಿತು. ಅವರು 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪನ್ನು, ಅಂದರೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ ತೀರ್ಪನ್ನು, ಬಹಳ ಸೊಗಸಾಗಿ ವಿವರಿಸಿದರು. ಖಾಸಗಿತನದ ಹಕ್ಕನ್ನು ಹಿಂದೆ ಒಪ್ಪದಿದ್ದ 1954ರ ಎಂ.ಪಿ. ಶರ್ಮ ಪ್ರಕರಣ, 1962ರ ಖರಕ್ ಸಿಂಗ್ ಪ್ರಕರಣ ಎಲ್ಲವೂ ಬಂದವು. ಅರವತ್ತು ಮಂದಿ ಕೇಳಿದರು. ಕೊನೆಯಲ್ಲಿ ಎದ್ದ ಪ್ರಶ್ನೆ ಒಂದೇ: "ಸ್ವಾಮಿ, ನಮ್ಮವ್ವನ ಪಿಂಚಣಿ ಯಾಕೆ ನಿಂತೋಯ್ತು?" ವಕೀಲರ ಬಳಿ ಅದಕ್ಕೆ ಉತ್ತರವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಎರಡನೆಯ ಸಭೆಗೆ ಹತ್ತು ಹನ್ನೆರಡು ಮಂದಿ ಬಂದರು.

ಆಮೇಲೆ ಕಾಲೇಜು ವಿದ್ಯಾರ್ಥಿಗಳಿಗೆ "ಆಧಾರ್ ವರವೇ, ಶಾಪವೇ" ಎಂದು ಚರ್ಚಾಸ್ಪರ್ಧೆ ಇಟ್ಟು ಮೂರು ಸಾವಿರದಷ್ಟು ಬಹುಮಾನ ಕೊಟ್ಟೆವು. ಮಕ್ಕಳು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದು ಹೋದರು. ಮುಂದಿನದು ಇಂಟರ್‌ನೆಟ್ ಸ್ಥಗಿತದ ಬಗ್ಗೆ. 2020ರ ಜನವರಿಯ ಅನುರಾಧಾ ಭಸೀನ್ ಪ್ರಕರಣದಲ್ಲಿ, ಸ್ಥಗಿತದ ಆದೇಶಗಳನ್ನು ಸರ್ಕಾರ ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ಸ್ಥಗಿತ ಸಲ್ಲದು ಎಂದು ಕೋರ್ಟು ಹೇಳಿತ್ತು. ಆದರೆ ಆ ಆದೇಶಗಳು ಕಾಶ್ಮೀರದವು, ನಮ್ಮ ಜಿಲ್ಲೆಯ ಯಾವ ಕಾಗದವೂ ಮುಂದಿರಲಿಲ್ಲ. ಹದಿನೈದು ನಿಮಿಷದಲ್ಲಿ ಮಾತು ಪಕ್ಷಗಳ ಕಡೆಗೆ ಹೊರಳಿತು, ಇಬ್ಬರು ಎದ್ದು ಹೋದರು, ಅವರಲ್ಲಿ ಒಬ್ಬರು ಇಂದಿಗೂ ಬಂದಿಲ್ಲ.

ಕ್ರಮ ಬದಲಾದದ್ದು ಒಂದು ಸುತ್ತೋಲೆಯಿಂದ. ಬೆರಳಚ್ಚು ಹೊಂದದಿದ್ದರೂ ಫಲಾನುಭವಿಯನ್ನು ಬರಿಗೈಯಲ್ಲಿ ಕಳಿಸಬಾರದು, ಬೇರೆ ಬಗೆಯಲ್ಲಿ ಗುರುತು ಖಚಿತಪಡಿಸಿಕೊಂಡು ಪಡಿತರ ಕೊಟ್ಟು ಅದನ್ನು ಪ್ರತ್ಯೇಕ ವಹಿಯಲ್ಲಿ ನಮೂದಿಸಬೇಕು ಎಂಬ ಅರ್ಥದ ಸುತ್ತೋಲೆಯನ್ನು ಆಧಾರ್ ಪ್ರಾಧಿಕಾರ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿತ್ತು. ಅದನ್ನು ಕನ್ನಡಕ್ಕೆ ಇಳಿಸಿ, ಎರಡು ಪುಟಕ್ಕೆ ಮೀರದಂತೆ ಜೆರಾಕ್ಸ್ ಮಾಡಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿದೆ. ಆ ದಿನ ಆಲೆಮನೆಯಲ್ಲಿ ದುಡಿಯುವ ಒಬ್ಬ ಹೆಂಗಸು ಪಡಿತರ ಚೀಟಿಯನ್ನೂ ಹಿಡಿದು ಬಂದಿದ್ದರು. ಕೊಪ್ಪರಿಗೆಯ ಬಿಸಿಗೂ ಸುಣ್ಣಕ್ಕೂ ಅವರ ಬೆರಳ ತುದಿಗಳು ನುಣ್ಣಗಾಗಿ, ಬೆಳಕಿಗೆ ಹಿಡಿದರೂ ಗೆರೆ ಕಾಣುತ್ತಿರಲಿಲ್ಲ. ಪಡಿತರ ಕೊಡುವ ಸೊಸೈಟಿಯಲ್ಲಿ ಹತ್ತು ಬೆರಳನ್ನೂ ಒಂದಾದಮೇಲೊಂದು ಒತ್ತಿಸಿ, ಯಂತ್ರದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿಸಿ, ಕೊನೆಗೆ "ಮುಂದಿನ ತಿಂಗಳು ಬಾರವ್ವ" ಎಂದು ಕಳಿಸುತ್ತಾರೆಂದು ಅವರು ಬೆರಳುಗಳನ್ನು ಮೇಜಿನ ಮೇಲೆ ಒತ್ತಿ ತೋರಿಸಿದರು. ಅದೇ ಸಭೆಯಲ್ಲಿ ಬೇರೊಂದು ಹಳ್ಳಿಯ ಸೊಸೈಟಿ ನಡೆಸುವವರೂ ಇದ್ದರು. "ಯಂತ್ರ ಒಪ್ಪದೆ ಅಕ್ಕಿ ತೂಗಿದರೆ ಲೆಕ್ಕದಲ್ಲಿ ಕಳ್ಳ ನಾನಾಗುತ್ತೇನೆ, ನೀವು ಓದಿದ ಆ ವಹಿಯನ್ನು ನನಗೆ ಯಾರೂ ಕೊಟ್ಟೇ ಇಲ್ಲ ಮೇಷ್ಟ್ರೇ" ಎಂದರು. ನಾನು ಮೇಷ್ಟ್ರಲ್ಲ, ಆದರೂ ಊರಿನಲ್ಲಿ ಬರೆಯುವವರನ್ನೆಲ್ಲ ಹಾಗೆಯೇ ಕರೆಯುತ್ತಾರೆ.

ಅಲ್ಲಿಂದ ಮಾತಿನ ದಿಕ್ಕೇ ಬೇರೆಯಾಯಿತು. ವಹಿ ಕೊಡಬೇಕಾದವರು ಯಾರು, ಯಾವ ಹುದ್ದೆಯವರು, ಅವರಿಗೆ ಆದೇಶ ತಲುಪಿದೆಯೇ ಎಂಬುದೇ ಚರ್ಚೆಯಾಯಿತು. ಆವತ್ತೇ ಒಂದು ಕಟ್ಟಳೆ ಮಾಡಿದೆವು: ಸಭೆಯಲ್ಲಿ ಯಾರೂ ಬರಿದೆ "ಸರ್ಕಾರ" ಎನ್ನುವಂತಿಲ್ಲ, ಯಾವ ಕಚೇರಿ, ಯಾವ ಹುದ್ದೆ ಎಂದು ಹೇಳಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಪಕ್ಷದ ಜಗಳ ಅಂದಿನಿಂದ ಮುಕ್ಕಾಲು ಪಾಲು ನಿಂತುಹೋಯಿತು. ಯಾವ ಕೂಟಕ್ಕಾದರೂ ನಾನು ಮೊದಲು ಹೇಳುವುದು ಇದೊಂದನ್ನೇ.

ಎರಡನೆಯ ಕಟ್ಟಳೆ, ಅರ್ಜಿ ಬರೆಯದೆ ಏಳಬಾರದೆಂಬುದು. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ನಿಯಮವನ್ನು ಬಹಳ ಜನ ಬೈಯುತ್ತಾರೆ, ನನಗೆ ಮಾತ್ರ ಅದು ವರವಾಗಿ ಬಂದಿದೆ. ಎರಡು ಗಂಟೆಯ ಚರ್ಚೆಯನ್ನು 150 ಪದಕ್ಕೆ ಇಳಿಸಬೇಕಾದಾಗ ನಮಗೆ ನಿಜಕ್ಕೂ ತಿಳಿಯಬೇಕಾದದ್ದೇನು ಎಂಬುದು ತಾನಾಗಿ ಹೊರಬೀಳುತ್ತದೆ, ಮತ್ತು ಆ ಇಳಿಸುವ ಕೆಲಸದಲ್ಲಿ ನನ್ನ ವೃತ್ತಿಯ ಅನುಭವ ಬಹಳ ಸಹಾಯಕ್ಕೆ ಬಂದಿತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಪಡಿತರದ ಅರ್ಜಿಯಲ್ಲಿ ಕೇಳಿದ್ದು ಇಷ್ಟೆ: ಹಿಂದಿನ ಮೂರು ತಿಂಗಳಲ್ಲಿ ಬೆರಳಚ್ಚು ಹೊಂದದೆ ಹೋದ ಚೀಟಿಗಳ ಸಂಖ್ಯೆ, ಅವರಲ್ಲಿ ಬೇರೆ ಬಗೆಯಿಂದ ಪಡಿತರ ಪಡೆದವರ ಸಂಖ್ಯೆ, ಆ ವಹಿಯ ಪ್ರತಿ. ನಾಲ್ಕನೆಯ ಪ್ರಶ್ನೆಯೊಂದಿತ್ತು. ಅದನ್ನು ಬರೆಯುವ ಬಗೆಯಿಂದಲೇ ಉತ್ತರ ಮೂವತ್ತು ದಿನದೊಳಗೆ ಬರುತ್ತದೆಂದು ನನ್ನ ನಂಬಿಕೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಸಭೆಗೆ ಬಂದು ಕೂತವರಿಗೆ ಹೇಳಿಕೊಡುತ್ತೇನೆ.

ಉತ್ತರ ಅವಧಿಯೊಳಗೇ ಬಂದಿತು. ಪುಟಕ್ಕೆ ಎರಡು ರೂಪಾಯಿಯಂತೆ ನಲವತ್ತರ ಆಸುಪಾಸು ರೂಪಾಯಿ ಕಟ್ಟಿ ಪಡೆದ ಪ್ರತಿಗಳಲ್ಲಿ ವಹಿಯ ಪುಟಗಳು ಹೆಚ್ಚುಕಡಿಮೆ ಖಾಲಿ ಇದ್ದವು. ಖಾಲಿ ಪುಟವೇ ನಮಗೆ ಬೇಕಾಗಿದ್ದ ಸಾಕ್ಷಿ. ಅದನ್ನು ಲಗತ್ತಿಸಿ ಒಂದು ಮನವಿ ಕೊಟ್ಟ ಮೇಲೆ ಎರಡು ತಿಂಗಳಲ್ಲಿ ಆ ಹೋಬಳಿಯ ಸೊಸೈಟಿಗಳಿಗೆ ವಹಿ ತಲುಪಿತು, ಆಲೆಮನೆಯ ಆ ತಾಯಿಗೆ ಅಕ್ಕಿ ಬಂದಿತು. ಧರಣಿ ಕೂರೋಣ ಎಂದಿದ್ದ ಹಿರಿಯರು ಮುಂದಿನ ಸಭೆಗೆ ಬಂದು ಮುಂದಿನ ಸಾಲಿನಲ್ಲಿ ಕೂತರು.

ವಾದದ ಪಕ್ಷ ಬದಲಿಸಿ ಮಾತನಾಡಿಸುವ ಪ್ರಯೋಗವನ್ನೂ ಮಾಡಿದೆವು. ತಂತ್ರಜ್ಞಾನವನ್ನು ವಿರೋಧಿಸುವವರು ಅರ್ಧ ಗಂಟೆ ಅದರ ಪರವಾಗಿ ವಾದಿಸಬೇಕು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯನ್ನು ಚರ್ಚಿಸಿದ ದಿನ ಇದು ಬಹಳ ಚೆನ್ನಾಗಿ ನಡೆಯಿತು. ಕೈಬರಹದ ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆದು ಸವೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಹದಿನೈದು ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕಂಪ್ಯೂಟರ್ ಪಹಣಿ ಸಿಕ್ಕ ಮೊದಲ ದಿನಗಳನ್ನು ಅವರು ನೆನೆದಾಗ, ಯಂತ್ರವೆಂದರೆ ಹಕ್ಕಿನ ವೈರಿಯೆಂದು ಬಂದಿದ್ದ ಹುಡುಗರು ಸುಮ್ಮನಾದರು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದಾಗ ನಾನೂ ಅದರ ಪರವಾಗಿಯೇ ವಾದಿಸಿದೆ, ಏಕೆಂದರೆ ಬದಲಿ ಮನುಷ್ಯನನ್ನು ನಿಲ್ಲಿಸಿ ಜಮೀನು ಬರೆಸಿಕೊಳ್ಳುವ ಮೋಸವನ್ನು ನನ್ನ ವೃತ್ತಿಯವರೆಲ್ಲ ಬಲ್ಲರು.

ಆದರೆ ಎಲ್ಲಕ್ಕಿಂತ ತೂಕದ ಚರ್ಚೆ ನಡೆದದ್ದು ಬೆರಳಚ್ಚಿನ ಕಳವಿನ ಮೇಲೆ. 2023ರಲ್ಲಿ ಕರ್ನಾಟಕದಲ್ಲಿ, ನೋಂದಾಯಿತ ಪತ್ರಗಳ ಪ್ರತಿಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ತೆಗೆದು, ಬೆರಳೊತ್ತಿ ಹಣ ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಆ ವ್ಯವಸ್ಥೆಯಲ್ಲಿ ಒಟಿಪಿ ಬೇಕಿಲ್ಲ, ಬೆರಳು ಸಾಕು. ನಾವೇ ಬರೆದು, ನಾವೇ ಹೆಬ್ಬೆಟ್ಟು ಒತ್ತಿಸಿ ಕೊಟ್ಟ ಪತ್ರಗಳು ಅಂಥವು. ನನಗೆ ಅದು ಬಹಳ ನೋವಿನ ವಿಷಯವಾಗಿತ್ತು. ಸಭೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರಿನಲ್ಲಿರುವ ಬೆರಳಚ್ಚನ್ನು ಯಾರೂ ಬಳಸದಂತೆ ಬೀಗ, ಮಾಡಿಸೋಣವೆಂದು ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಮುಂದೆ ಬಂದಳು, ಹತ್ತು ಹದಿನೈದು ಮಂದಿಗೆ ಮಾಡಿಯೂ ಕೊಟ್ಟಳು. ಮುಂದಿನ ತಿಂಗಳು ಅವರಲ್ಲಿ ಮೂವರಿಗೆ ಸೊಸೈಟಿಯಲ್ಲಿ ಬೆರಳು ಹೊಂದಲಿಲ್ಲ! ಲಾಕ್ ಆದ ಬೆರಳು ಬ್ಯಾಂಕಿಗೂ ಇಲ್ಲ, ಅಕ್ಕಿಗೂ ಇಲ್ಲ. ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷದಲ್ಲಿ ಮತ್ತೆ ಲಾಕ್ ಆಗುತ್ತದೆ, ಅಷ್ಟರಲ್ಲಿ ಸಾಲು ಮುಂದೆ ಸರಿದಿರುವುದಿಲ್ಲ. ದುಡ್ಡು ಕಾಯುವ ಹಕ್ಕು ಒಂದು ಕಡೆ, ಅನ್ನದ ಹಕ್ಕು ಇನ್ನೊಂದು ಕಡೆ ಎಂದು ಆ ದಿನ ಎದ್ದ ವಾದ ರಾತ್ರಿ ಒಂಬತ್ತಾದರೂ ನಿಲ್ಲಲಿಲ್ಲ, ಸಭಾಂಗಣದವರು ದೀಪ ಆರಿಸಿದ ಮೇಲೆ ರಸ್ತೆಯಲ್ಲಿ ನಿಂತು ಮುಂದುವರಿಸಿದೆವು. ಖಾಸಗಿತನ ಹೊಟ್ಟೆ ತುಂಬಿದವರ ಮಾತೆಂದು ಹೇಳುವವರು ಆ ಸಭೆಯಲ್ಲಿ ಇರಬೇಕಾಗಿತ್ತು. ನಾವು ಕೊನೆಗೆ ಒಪ್ಪಿದ್ದು, ಮನೆಯಲ್ಲಿ ಪಡಿತರ ತರುವವರನ್ನು ಬಿಟ್ಟು ಉಳಿದವರು ಲಾಕ್ ಮಾಡಿಸಿಕೊಳ್ಳಲಿ, ತರುವವರು ಬ್ಯಾಂಕಿನಲ್ಲಿ ಆಧಾರ್ ಜೋಡಣೆಯಾದ ಖಾತೆಯಲ್ಲಿ ಕಡಿಮೆ ಹಣ ಇಟ್ಟುಕೊಳ್ಳಲಿ ಎಂಬುದು. ಇದು ಪೂರ್ತಿ ಪರಿಹಾರವಲ್ಲ, ಆದರೆ ಅಂದಿನಿಂದ ನಮ್ಮ ಕೂಟದವರ ಖಾತೆಯಿಂದ ಹೀಗೆ ಹಣ ಹೋದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಇನ್ನೊಂದು ಸಣ್ಣ ಪ್ರಯೋಗವೆಂದರೆ ಚರ್ಚೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದು. ಮೇಜಿನ ಮೇಲೆ ಮೊಬೈಲು ಇಟ್ಟ ಕೂಡಲೇ ಹೆಂಗಸರು ಮಾತು ನಿಲ್ಲಿಸಿದರು. ಯಾರು ಕೇಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ಒಂದು ಹಾಳೆಯಲ್ಲಿ ಉದ್ದೇಶ, ಅವಧಿ, ಅಳಿಸುವ ದಿನ ಬರೆದು ಸಹಿ ಮಾಡಿ ಅಂಟಿಸಿದ ಮೇಲೆ ಮಾತು ಮತ್ತೆ ಶುರುವಾಯಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಒಪ್ಪಿಗೆಯ ಕಲಮುಗಳನ್ನು ಇದಕ್ಕಿಂತ ಚೆನ್ನಾಗಿ ನಾನು ಯಾರಿಗೂ ವಿವರಿಸಲಾರೆ. ಅದೇ ಕಾಯ್ದೆ, ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿಗೊಳಿಸಿರುವುದರಿಂದ, ಹೆಸರುಗಳ ಪಟ್ಟಿ ಕೇಳಿದ ನಮ್ಮ ಅರ್ಜಿಯೊಂದು ವೈಯಕ್ತಿಕ ಮಾಹಿತಿಯೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಈಗ ನಾವು ಸಂಖ್ಯೆ, ಆದೇಶ ಮತ್ತು ವಹಿಯನ್ನಷ್ಟೇ ಕೇಳುತ್ತೇವೆ. ಅನಿವಾರ್ಯವಾದಾಗ 8(2)ರ ಸಾರ್ವಜನಿಕ ಹಿತಾಸಕ್ತಿಯನ್ನು ಮುಂದಿಡುತ್ತೇವೆ. ಬಡವರ ಹೆಸರುಗಳನ್ನು ನಾವೂ ಬೀದಿಗೆ ತರಬಾರದೆಂಬ ವಾದಕ್ಕೆ ನಮ್ಮಲ್ಲಿ ಒಪ್ಪಿಗೆಯಿದೆ, ಅಧಿಕಾರಿಯ ಸಹಿಯನ್ನೂ ಅದೇ ಮುಸುಕಿನಲ್ಲಿ ಅಡಗಿಸುವುದಕ್ಕೆ ಮಾತ್ರ ಒಪ್ಪಿಗೆಯಿಲ್ಲ.

ಖರ್ಚಿನ ಲೆಕ್ಕ ಈಗ ಹೀಗಿದೆ. ಸಭಾಂಗಣಕ್ಕೆ ಐನೂರು ಕೊಡುತ್ತಿದ್ದೆವು, ಈಗ ಒಬ್ಬ ಸದಸ್ಯರ ಮಳಿಗೆಯ ಮಹಡಿ ಪುಕ್ಕಟೆ ಸಿಕ್ಕಿದೆ. ಚಹಾ ಮತ್ತು ಮದ್ದೂರು ವಡೆಗೆ ನಾನೂರು ಐನೂರು, ಜೆರಾಕ್ಸಿಗೆ ನೂರು, ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಅಂಚೆಗೆ ಐವತ್ತರಷ್ಟು. ಫ್ಲೆಕ್ಸೂ ಇಲ್ಲ, ಮೈಕೂ ಇಲ್ಲ, ಹಾರ ಶಾಲುಗಳೂ ಇಲ್ಲ. ಬಂದವರು ಇಪ್ಪತ್ತು ರೂಪಾಯಿ ಹಾಕುತ್ತಾರೆ, ಹೆಚ್ಚಿನ ತಿಂಗಳು ಸರಿದೂಗುತ್ತದೆ.

ಸದ್ಯ ಕೈಯಲ್ಲಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳ ವಿಷಯ. ವೇಗದಿಂದ ಸತ್ತವರ ಮನೆಯವರೂ ನಮ್ಮ ಸಭೆಗೆ ಬರುತ್ತಾರೆ, ಆದ್ದರಿಂದ ಕ್ಯಾಮೆರಾ ಬೇಡವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ಪ್ರಕಾರ ಕ್ಯಾಮೆರಾ ಇರುವಲ್ಲಿ ಎಚ್ಚರಿಕೆಯ ಫಲಕವಿರಬೇಕು, ಉಪಕರಣಕ್ಕೆ ಪ್ರತಿವರ್ಷ ನವೀಕರಿಸುವ ಪ್ರಮಾಣಪತ್ರವಿರಬೇಕು, ಅಪರಾಧ ನಡೆದ ಹದಿನೈದು ದಿನಗಳೊಳಗೆ ನೋಟಿಸು ಕಳಿಸಬೇಕು. ದಂಡಕ್ಕೆ ಸಂಬಂಧವಿಲ್ಲದ ವಾಹನಗಳ ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರ ಆದೇಶದ ಮೇಲೆ ನೋಡುತ್ತಾರೆ ಎಂಬುದನ್ನೂ ಸೇರಿಸಿ ಕೇಳಿದ್ದೇವೆ. ಅರ್ಜಿ ಮಾಹಿತಿ ಹಕ್ಕು ಕಾಯ್ದೆಯ 6(3)ರ ಅಡಿಯಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ವರ್ಗಾವಣೆಯಾಗಿ ಅವಧಿ ಮುಗಿದಿರುವುದರಿಂದ ಮೊದಲ ಮೇಲ್ಮನವಿ ಸಲ್ಲಿಸಿದ್ದೇವೆ. ಅದರ ವಿಚಾರಣೆಗೆ ಯಾರು ಹೋಗಬೇಕೆಂಬುದು ಬರುವ ಸಭೆಯಲ್ಲಿ ತೀರ್ಮಾನವಾಗಲಿದೆ.