ಡಾಂಗಲ್ ನನ್ನ ಕೈಗೆ ಬಂದ ಮೇಲೆ

2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಮ್ಮೂರಿನಿಂದ ನಾನು ಗೆದ್ದಾಗ, ಹೂಮಾಲೆ ಬಿದ್ದದ್ದು ನಮ್ಮ ಯಜಮಾನರ ಕೊರಳಿಗೆ. ಆಗ ಅದು ನನಗೆ ತಪ್ಪೆಂದು ಅನಿಸಿರಲಿಲ್ಲ. ಕರ್ನಾಟಕದಲ್ಲಿ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿಗೆ ಮೀಸಲಿರುವುದರಿಂದ ನಮ್ಮ 17 ಸದಸ್ಯರಲ್ಲಿ 9 ಮಂದಿ ಹೆಂಗಸರಿದ್ದೆವು; ಆದರೆ ಮೊದಮೊದಲ ಸಭೆಗಳಲ್ಲಿ ಕುರ್ಚಿಯ ಮೇಲೆ ಕುಳಿತು ಮಾತನಾಡುತ್ತಿದ್ದವರು ನಮ್ಮ ಗಂಡಂದಿರು, ಬೆಳೆದ ಮಕ್ಕಳು, ಒಬ್ಬಾಕೆಯ ಮೈದುನ. ಅಧ್ಯಕ್ಷ ಸ್ಥಾನದ ಮೊದಲ 30 ತಿಂಗಳ ಅವಧಿ ಮಹಿಳೆಗೆ ಮೀಸಲಾಗಿ ನನ್ನ ಪಾಲಿಗೆ ಬಂದ ಮೇಲೂ ಊರಿನವರು ‘ಅಧ್ಯಕ್ಷರೇ’ ಎಂದು ಕರೆಯುತ್ತಿದ್ದುದು ನಮ್ಮ ಯಜಮಾನರನ್ನೇ.

ಬಿಲ್ಲು ಪಾವತಿಯಾಗಬೇಕಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಜೊತೆಗೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ಆ ಸಹಿಯಿರುವ, ಹೆಬ್ಬೆರಳಿನಷ್ಟು ದೊಡ್ಡ ಸಾಧನಕ್ಕೆ ನಮ್ಮಲ್ಲಿ ಡಾಂಗಲ್ ಎನ್ನುತ್ತಾರೆ. ನನ್ನ ಡಾಂಗಲ್ ನಾಲ್ಕು ತಿಂಗಳು ಯಜಮಾನರ ಅಂಗಿಯ ಕಿಸೆಯಲ್ಲಿತ್ತು, ಅದನ್ನು ಮಾಡಿಸುವಾಗ ಕೊಟ್ಟಿದ್ದ ಮೊಬೈಲ್ ಸಂಖ್ಯೆಯೂ ಅವರದೇ. ಒಂದು ದಿನ ನೀರಿಗೆ ನಿಂತಾಗ ನಮ್ಮ ಓಣಿಯ ಹಿರಿಯಳೊಬ್ಬಳು, “ನಿನ್ನ ಸಹಿಲಿಂದ ರೊಕ್ಕ ಎತ್ಯಾರಂತಲ್ಲವಾ, ಗಟಾರ ಎಲ್ಲದ?” ಎಂದು ಎಲ್ಲರೆದುರು ಕೇಳಿದಳು. ಗಟಾರ ಅರ್ಧಕ್ಕೆ ನಿಂತಿತ್ತು. ಹಣ ಹೋದದ್ದು ನನಗೆ ಗೊತ್ತೇ ಇರಲಿಲ್ಲ. ಅಂದು ರಾತ್ರಿ ಡಾಂಗಲ್ ಕೇಳಿದೆ. ಮನೆಯಲ್ಲಿ ಎಂಟು ದಿನ ಮಾತು ನಿಂತಿತು, ಒಂಬತ್ತನೆಯ ದಿನ ಅವರು ಅದನ್ನು ದೇವರ ಜಗುಲಿಯ ಮೇಲಿಟ್ಟು ಹೊಲಕ್ಕೆ ಹೋದರು. ಈ ಜಗಳವೇ ನನ್ನ ನಿಜವಾದ ಚುನಾವಣೆಯೆಂದು ಈಗಲೂ ನಾನು ಭಾವಿಸುತ್ತೇನೆ.

ಕೈಗೆ ಬಂದ ಮಾತ್ರಕ್ಕೆ ಕೆಲಸ ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದರೂ ನಡಾವಳಿ ಪುಸ್ತಕದ ಭಾಷೆ ನನಗೆ ತೊಡಕಾಗಿತ್ತು. ಆದ್ದರಿಂದ ಸಭೆ ಮುಗಿಯುತ್ತಲೇ ಠರಾವುಗಳನ್ನು, ಅಂದರೆ ಸಭೆಯ ನಿರ್ಣಯಗಳನ್ನು, ಗಟ್ಟಿಯಾಗಿ ಓದಿಸುವುದು, ಬರೆದದ್ದರ ಕೆಳಗೆ ಖಾಲಿ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆಸಿದ ನಂತರವೇ ಸಹಿ ಹಾಕುವುದು ಎಂಬ ಪದ್ಧತಿ ಇಟ್ಟುಕೊಂಡೆ. ಬಿಲ್ಲು ಬಂದಾಗ ಎಂಜಿನಿಯರರ ಅಳತೆ ಪುಸ್ತಕವನ್ನು ತರಿಸಿ, ಇಬ್ಬರು ಸದಸ್ಯೆಯರೊಂದಿಗೆ ಟೇಪು ಹಿಡಿದು ಸ್ಥಳಕ್ಕೆ ಹೋಗುತ್ತಿದ್ದೆ. ಗುತ್ತಿಗೆದಾರರು ನಕ್ಕರು. ಮೂರನೆಯ ಸಲ ಗಟಾರದ ಉದ್ದ ಹನ್ನೊಂದು ಮೀಟರು ಕಡಿಮೆ ಬಂದಾಗ ನಗು ನಿಂತಿತು.

ವಾರ್ಡಿನ ಮತದಾರರೆಲ್ಲ ಸೇರುವ ವಾರ್ಡ್ ಸಭೆಗೆ ಬಂದವರಲ್ಲಿ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕೆಂದು ಕಾನೂನು ಹೇಳುತ್ತದೆ. ಆದರೆ ತೊಗರಿಯ ಕಳೆ ತೆಗೆಯುವ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಯಾವ ಹೆಣ್ಣುಮಗಳು ಬಂದಾಳು? ಹಾಜರಿ ಪುಸ್ತಕ ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿತ್ತು. ನಾವು ಸಭೆಯನ್ನು ಸಂಜೆ ಏಳಕ್ಕೆ, ಅಂಗನವಾಡಿಯ ಅಂಗಳಕ್ಕೆ ತಂದೆವು. ಸ್ವಸಹಾಯ ಸಂಘದವರು ಹಿಂದಿನ ದಿನವೇ ಮನೆಮನೆಗೆ ತಿಳಿಸುತ್ತಿದ್ದರು. ಗಂಡಸರು ಸಿಮೆಂಟ್ ರಸ್ತೆ ಕೇಳಿದರು. ಹೆಂಗಸರು ಕೇಳಿದ್ದು, ನೀರಿಲ್ಲದೆ ಬೀಗ ಬಿದ್ದಿದ್ದ ಮಹಿಳಾ ಶೌಚಾಲಯವನ್ನು ತೆರೆಸಬೇಕೆಂದು. ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬುದು ತರಬೇತಿಯಲ್ಲಿ ಕೇಳಿದ್ದು ನೆನಪಿತ್ತು. ಅದನ್ನು ಹಿಡಿದು ಕ್ರಿಯಾ ಯೋಜನೆಯಲ್ಲಿ ಪೈಪ್‌ಲೈನು ಸೇರಿಸಿದೆವು. ಶೌಚಾಲಯ ತೆರೆಯಿತು, ಮೋಟರು ಸುಟ್ಟಾಗ ಎರಡು ಸಲ ಮುಚ್ಚಿತು, ಮತ್ತೆ ತೆರೆಯಿತು.

ನನ್ನ ಅವಧಿ 2023ರಲ್ಲಿ ಮುಗಿಯಿತು. ಮುಂದಿನ ಅಧ್ಯಕ್ಷೆಯೂ ಮಹಿಳೆಯೇ. ನನಗಿಂತ ಚಿಕ್ಕವಳು, ಮಾತು ಕಡಿಮೆ. ಆಕೆಯ ಡಾಂಗಲ್ ಮಾಡಿಸಲು ಕಾಗದಪತ್ರ ತೆಗೆದುಕೊಂಡು ಹೋಗುವ ದಿನ ನಾನೂ ಜೊತೆಗೆ ಹೋದೆ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಬರೆಯುವಾಗ ಆಕೆ ಹೊರಗೆ ನಿಂತಿದ್ದ ಗಂಡನ ಕಡೆಗೆ ನೋಡಿದಳು. “ನಿಂದೇ ನಂಬರ್ ಬರಿಯವಾ, ಓಟಿಪಿ ನಿನಗೇ ಬರಲಿ” ಎಂದೆ. ಆಕೆಗೆ ಸ್ವಂತ ಮೊಬೈಲ್ ಇರಲಿಲ್ಲ. ಅರ್ಜಿಯನ್ನು ಹಾಗೆಯೇ ಮಡಚಿಟ್ಟುಕೊಂಡು, ಮೊದಲು ಸಿಮ್ ಕೊಳ್ಳಲು ಇಬ್ಬರೂ ಬಸ್ ನಿಲ್ದಾಣದ ಕಡೆಗೆ ನಡೆದೆವು.